ತಲೆ ಎತ್ತದ ಸಾಕ್ಷಿ

ದರ್ಜಿ: ಒಂದು ಸಹಿ, ಭಾವ. ಒಂದೇ ಒಂದು. ನಿಮ್ಮ ಹೆಸರು ಎಷ್ಟುದ್ದ ಇದೆ ಅಂತ ನನಗೆ ಗೊತ್ತಿಲ್ವಾ? ನಾಲ್ಕಕ್ಷರ. ಮೂರು ಸೆಕೆಂಡಿನ ಕೆಲಸ.

ಗುಮಾಸ್ತ: ನಾನು ನೋಡಿಲ್ಲ.

ದರ್ಜಿ: ನಾನು ನೋಡಿದ್ದೀನಲ್ಲ.

ಗುಮಾಸ್ತ: ಹಾಗಾದ್ರೆ ನೀನು ಹಾಕು.

ದರ್ಜಿ: ಹಾಕಿದ್ದೀನಿ. ಎರಡನೇದು ನೀವು ಹಾಕಬೇಕು.

ಗುಮಾಸ್ತ: ಎರಡನೇದು ಎರಡನೆಯವನು ನೋಡಿದ್ರೆ ಹಾಕೋದು. ಎರಡನೆಯವನು ಬರೀತಾ ಇದ್ದ.

ಕೆರೆಯ ದಂಡೆಯಲ್ಲಿ, ಜೊಂಡಿನ ಪಕ್ಕಕ್ಕೆ, ಹಸಿರು ಕ್ಯಾನ್ವಾಸಿನ ಒಂದು ಗೂಡು. ಇಬ್ಬರು ಕೂತರೆ ಮೂರನೆಯವರ ಮೊಣಕಾಲಿಗೆ ಜಾಗವಿಲ್ಲ. ಎದುರಿನ ಬಟ್ಟೆಯಲ್ಲಿ ಗೇಣುದ್ದದ ಕಂಡಿ, ಕಂಡಿಗೆ ಮೂತಿ ಇಟ್ಟು ನಿಂತ ಒಂಟಿಗಣ್ಣಿನ ದುರ್ಬೀನು. ಚಳಿಗಾಲ ಹುಟ್ಟುತ್ತಲೇ ಉತ್ತರದಿಂದ ಹಿಂಡು ಹಿಂಡಾಗಿ ಬಂದಿಳಿಯುವ ಹಕ್ಕಿಗಳನ್ನು ಎಣಿಸಲು ಊರಿನ ಪಕ್ಷಿ ಸಂಘದವರು ಕೆರೆಯ ಸುತ್ತ ಇಂಥ ಆರು ಗೂಡು ನಿಲ್ಲಿಸಿದ್ದಾರೆ. ಆರನ್ನೂ ಹೊಲಿದುಕೊಟ್ಟವನು ಈ ದರ್ಜಿಯೇ. ಆರನೆಯದರಲ್ಲಿ ಹತ್ತೊಂಬತ್ತು ವರ್ಷದಿಂದ ಅವನೂ ಅವನ ಅಕ್ಕನ ಗಂಡನೂ ಜೋಡಿ. ಭಾವ ನೋಂದಣಿ ಕಚೇರಿಯಲ್ಲಿ ಮೂವತ್ತಾರು ವರ್ಷ ಗುಮಾಸ್ತರಾಗಿದ್ದವರು. ನಿವೃತ್ತರಾದಾಗ ಅಲ್ಲಿನ ಅಭ್ಯಾಸಗಳನ್ನೆಲ್ಲ ಪಿಂಚಣಿಯ ಜೊತೆಗೆ ಮನೆಗೆ ತಂದುಕೊಂಡರು.

ಇಬ್ಬರೂ ಕೆಲಸ ಹಂಚಿಕೊಂಡದ್ದು ಹೀಗೆ: ದರ್ಜಿ ದುರ್ಬೀನಿನಿಂದ ಕಣ್ಣು ತೆಗೆಯದೆ ಕಂಡದ್ದನ್ನು ಕೂಗುತ್ತ ಹೋಗಬೇಕು; ಗುಮಾಸ್ತರು ಕಾಗದದಿಂದ ಕಣ್ಣು ತೆಗೆಯದೆ ಕೇಳಿದ್ದನ್ನು ಬರೆಯುತ್ತ ಹೋಗಬೇಕು. ನಡುವೆ ಯಾರು ಕತ್ತು ತಿರುಗಿಸಿದರೂ ಲೆಕ್ಕ ತಪ್ಪುತ್ತದೆ ಎಂಬುದು ಗುಮಾಸ್ತರ ಕಾನೂನು. ಇವತ್ತು ಬೆಳಗ್ಗೆ ಏಳು ಗಂಟೆ ಹನ್ನೆರಡು ನಿಮಿಷಕ್ಕೆ ಈ ಕೆರೆಯಲ್ಲಿ ಈವರೆಗೆ ಯಾರೂ ಕಾಣದ ಒಂದು ಹಕ್ಕಿ ದರ್ಜಿಯ ಕಣ್ಣಿಗೆ ಬಿತ್ತು. ಅಂಥ ಹಕ್ಕಿ ದಾಖಲಾಗಬೇಕಾದರೆ ಗೂಡಿನ ಜೋಡಿಯಿಬ್ಬರೂ ನೋಡಿರಬೇಕು, ಇಬ್ಬರೂ ಸಹಿ ಹಾಕಬೇಕು. ಒಂಬತ್ತಕ್ಕೆ ಸಂಘದ ಕಾರ್ಯದರ್ಶಿ ಸೈಕಲ್ಲಿನಲ್ಲಿ ಬಂದು ಫಾರಂ ಒಯ್ಯುತ್ತಾರೆ. ಈಗ ಎಂಟೂವರೆ.

ದರ್ಜಿ: ನಾನು ಕೂಗಿದೆ ತಾನೆ?

ಗುಮಾಸ್ತ: ಕೂಗಿದೆ. ಕೂಗಿದ್ದನ್ನ ಬರ್ಕೊಂಡಿದ್ದೀನಿ. ಓದ್ತೀನಿ, ಕೇಳು. "ಏಳು ಗಂಟೆ ಹನ್ನೆರಡು ನಿಮಿಷ. ಪಟ್ಟೆತಲೆ ಹೆಬ್ಬಾತು, ನೂರ ನಲವತ್ತು. ಭಾವ, ನೋಡಿ. ಭಾವ, ಬೇಗ ನೋಡಿ. ತಲೆ ಎತ್ತಿ ಭಾವ, ನಿಮಗೆ ಕೈ ಮುಗೀತೀನಿ. ಅಯ್ಯೋ, ಹೋಯ್ತು."

ದರ್ಜಿ: ಇದನ್ನೆಲ್ಲ ಬರೆದ್ರಾ?

ಗುಮಾಸ್ತ: ನೀನು ಹೇಳಿದೆ, ನಾನು ಬರೆದೆ.

ದರ್ಜಿ: ನೋಡಿ ಅಂದ್ರೆ ನೋಡಬೇಕು ಭಾವ, ಬರೆಯೋದಲ್ಲ.

ಗುಮಾಸ್ತ: ಅದನ್ನ ಮೊದಲೇ ಹೇಳಬೇಕಿತ್ತು. ಇದು ಬರೆಯೋಕಲ್ಲ, ನೋಡೋಕೆ, ಅಂತ.

ದರ್ಜಿ: ಹೇಳಿದ್ರೆ ಅದನ್ನೂ ಬರೀತಿದ್ರಿ.

ಗುಮಾಸ್ತರು ಪೆನ್ನಿನ ತುದಿಯನ್ನು ಗದ್ದಕ್ಕೆ ಒತ್ತಿಕೊಂಡು ಪ್ರಾಮಾಣಿಕವಾಗಿ ಯೋಚಿಸಿದರು.

ಗುಮಾಸ್ತ: ಹೂಂ. ಬರೀತಿದ್ದೆ.

ದರ್ಜಿ: ಸರಿ, ಆದದ್ದಾಯ್ತು. ಈಗ ಈ ಅಪರೂಪದ ಹಕ್ಕಿಯ ಫಾರಂ ತುಂಬಿದ್ದು ಯಾರು? ನೀವೇ. ಹೆಸರು, ಕೆಂಪೆದೆ ಹೆಬ್ಬಾತು. ಸಂಖ್ಯೆ, ಒಂದು. ಬಣ್ಣ, ಗಾತ್ರ, ಕೊಕ್ಕು, ಎಲ್ಲಾ ಮುತ್ತಿನಂಥ ಅಕ್ಷರದಲ್ಲಿ ತುಂಬಿದ್ದೀರಿ. ನಂಬದೆ ತುಂಬಿದ್ರಾ?

ಗುಮಾಸ್ತ: ತುಂಬೋದು ಬೇರೆ, ನಂಬೋದು ಬೇರೆ. ಮೂವತ್ತಾರು ವರ್ಷ ತುಂಬಿದ್ದೀನಿ, ಒಂದನ್ನೂ ನಂಬಿಲ್ಲ.

ದರ್ಜಿ: ನನ್ನನ್ನೂ ನಂಬಲ್ವಾ?

ಗುಮಾಸ್ತ: ನಿನ್ನನ್ನ ನಂಬ್ತೀನಿ. ನಿನ್ನ ಕಣ್ಣನ್ನ ನಂಬಲ್ಲ. ಸೂಜಿಗೆ ದಾರ ಪೋಣಿಸೋಕೆ ಪಕ್ಕದ ಚಪ್ಪಲಿ ಅಂಗಡಿಯವನನ್ನ ಕರೀತೀಯ.

ದರ್ಜಿ: ಅದು ಹತ್ತಿರದ್ದು. ನನಗೆ ಹತ್ತಿರದ್ದು ಕಾಣಲ್ಲ, ದೂರದ್ದು ಕಾಣುತ್ತೆ. ಇಲ್ಲೇ ಕೂತಿರೋ ನಿಮ್ಮ ಮುಖ ನನಗೆ ಮಸುಕು ಮಸುಕು. ಆಚೆ ದಡದಲ್ಲಿ ನಿಂತಿದ್ರೆ ಮೀಸೆ ಎಣಿಸ್ತಿದ್ದೆ.

ಗುಮಾಸ್ತ: ಹೋದ ತಿಂಗಳು ನನ್ನ ಅಂಗಿಗೆ ಆರು ಗುಂಡಿ ಹಾಕಿ ಐದು ಕಾಜಾ ಮಾಡಿದ್ಯಲ್ಲ.

ದರ್ಜಿ: ಅಂಗಿ ಹತ್ತಿರ ಇತ್ತು.

ಗುಮಾಸ್ತರು ಆ ಅಂಗಿಯನ್ನೇ ಹಾಕಿಕೊಂಡಿದ್ದರು. ಕಾಜಾ ಇಲ್ಲದ ಆರನೆಯ ಗುಂಡಿಯನ್ನು ಒಮ್ಮೆ ಸುಮ್ಮನೆ ತಿರುಗಿಸಿದರು.

ದರ್ಜಿ: ಅಲ್ಲ ಭಾವ, ಈ ಎರಡು ಸಹಿಯ ರೂಲು ಯಾಕೆ ಬಂತು, ಮರೆತ್ರಾ?

ಗುಮಾಸ್ತ: ಮರೆಯೋದೆಲ್ಲಿ ಬಂತು. ಬರೆದವನೇ ನಾನು.

ದರ್ಜಿ: ಸಂಘದ ಡಾಕ್ಟರು ಮೂರು ದಿನ ಜೊಂಡಿನ ಮಧ್ಯೆ ಕರಿ ಕೊಕ್ಕರೆ ನಿಂತಿದೆ ಅಂತ ಬರೆಸಿದ್ರು. ನಾಲ್ಕನೇ ದಿನ ದೋಣೀಲಿ ಹೋಗಿ ನೋಡಿದ್ರೆ ಛತ್ರಿ.

ಗುಮಾಸ್ತ: ನನ್ನ ಛತ್ರಿ. ಹಿಡಿಕೆ ನೋಡಿ ನಾನೇ ಗುರುತು ಹಿಡಿದೆ. ಅವತ್ತಿನ ಸಭೇಲೇ ಎರಡು ರೂಲು ಪಾಸಾಯ್ತು. ಒಂದು, ಜೋಡಿಯಿಬ್ಬರೂ ನೋಡಿ ಸಹಿ ಹಾಕಬೇಕು. ಎರಡು, ತುಂಬಿದ ಫಾರಮ್ಮನ್ನ ಆಮೇಲೆ ತಿದ್ದಿದ್ರೆ ಫಾರಂ ರದ್ದು. ಯಾಕಂದ್ರೆ ಡಾಕ್ಟರು ಕೊಕ್ಕರೆ ಅನ್ನೋದನ್ನ ಹೊಡೆದು ಛತ್ರಿ ಅಂತ ಬರೆದಿದ್ರು.

ದರ್ಜಿ: ಆ ಮೂರು ದಿನ ಪ್ರಾಂಶುಪಾಲರೂ ನೋಡಿ ಹೌದು ಅಂದ್ರು. ವಕೀಲರು ಹೌದು ಅಂದ್ರು. ವಕೀಲರ ಹೆಂಡತಿ ಅದು ರೆಕ್ಕೆ ಬಿಚ್ಚಿದ್ದನ್ನೂ ಕಂಡ್ರು. ಛತ್ರಿಗೆ ನಾಲ್ಕು ಸಹಿ ಬೀಳ್ತಿತ್ತು ಭಾವ. ನನ್ನ ಹಕ್ಕಿಗೆ ಒಂದು ಬೀಳಲ್ಲ.

ಗುಮಾಸ್ತ: ಅವರು ನೋಡಿದ್ರು. ತಪ್ಪಾಗಿ ನೋಡಿದ್ರು, ಆದ್ರೂ ನೋಡಿದ್ರು. ನಾನು ನೋಡಿಲ್ಲ.

ಸಂಘದ ಓದುವ ಕೋಣೆಯಲ್ಲಿ ಒಂದು ಮರದ ಹಲಗೆ ಇದೆ. ಕೆರೆಗೆ ಹೊಸದಾಗಿ ಬಂದ ಹಕ್ಕಿಯ ಹೆಸರು ಎಡಕ್ಕೆ, ಅದನ್ನು ಮೊದಲು ಕಂಡವರ ಹೆಸರು ಬಲಕ್ಕೆ, ಬಿಳಿ ಬಣ್ಣದಲ್ಲಿ. ಡಾಕ್ಟರಿಗೆ ಐದು ಸಾಲು, ಪ್ರಾಂಶುಪಾಲರಿಗೆ ಮೂರು, ವಕೀಲರಿಗೆ ಎರಡು. ಸಂಘಕ್ಕೆ ಗೂಡು ಹೊಲಿದು, ದುರ್ಬೀನಿಗೆ ಚೀಲ ಹೊಲಿದು, ಆ ಹಲಗೆಗೇ ಧೂಳು ಕೂರದಿರಲೆಂದು ಪರದೆ ಹೊಲಿದುಕೊಟ್ಟ ದರ್ಜಿಯ ಹೆಸರು ಮಾತ್ರ ಅದರ ಮೇಲೆ ಎಲ್ಲೂ ಇಲ್ಲ. ಪರದೆ ಸರಿಸಿ ಓದಿದಾಗಲೆಲ್ಲ ಅವನು ಕೊನೆಯ ಸಾಲಿನ ಕೆಳಗಿನ ಖಾಲಿ ಜಾಗವನ್ನು ಬೆರಳಿನಲ್ಲಿ ಅಳೆಯುತ್ತಿದ್ದ. ಈವರೆಗೆ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ದರ್ಜಿ: ಭಾವ, ಊರಲ್ಲಿ ಅರ್ಧ ಜನ ನಾನು ಹೊಲಿದ ಬಟ್ಟೆ ಹಾಕ್ಕೊಂಡು ಓಡಾಡ್ತಾರೆ. ಯಾವ ಬಟ್ಟೆ ಮೇಲಾದ್ರೂ ನನ್ನ ಹೆಸರಿದೆಯಾ? ಅಂಗಡಿ ಬೋರ್ಡಲ್ಲಿರೋದೂ ಅಪ್ಪನ ಹೆಸರು. ಒಂದು ಕಡೆ, ಒಂದೇ ಒಂದು ಕಡೆ ನನ್ನ ಹೆಸರು ಇರ್ಲಿ ಅನ್ಸುತ್ತೆ. ತಪ್ಪಾ?

ಗುಮಾಸ್ತರು ಮೈದುನನನ್ನು ಅವನು ಹುಡುಗನಾಗಿದ್ದಾಗಿನಿಂದ ಬಲ್ಲರು. ಸಹಾಯ ಮಾಡಬೇಕೆಂದು ಮನಸ್ಸಿನಲ್ಲೇ ಎಲ್ಲ ದಾರಿ ಹುಡುಕಿದರು.

ಗುಮಾಸ್ತ: ನಿನಗೆ ಬೇಕಾದ್ರೆ ನಾನೇ ಒಂದು ಹಲಗೆ ಮಾಡಿಸಿಕೊಡ್ತೀನಿ.

ದರ್ಜಿ: ಎಡಗಡೆ ಯಾವ ಹಕ್ಕಿ ಬರೆಸ್ತೀರಿ?

ಗುಮಾಸ್ತ: ಹಕ್ಕಿ ಯಾಕೆ? ಬರೀ ನಿನ್ನ ಹೆಸರು.

ದರ್ಜಿ: ಬರೀ ಹೆಸರು ಬರೆಸೋದು ಸತ್ತ ಮೇಲೆ ಭಾವ.

ಗುಮಾಸ್ತ: ನಾನೇನು ಮಾಡ್ಲಿ ಹೇಳು. ನೋಡಿದ್ದೀನಿ ಅಂತ ಸುಳ್ಳು ಸಾಕ್ಷಿ ಹಾಕ್ಲಾ?

ದರ್ಜಿ: ನಿಮ್ಮ ಆಫೀಸಿನ ಬಾಗಿಲಲ್ಲಿ ಒಬ್ಬ ಚಹಾದವನು ಇದ್ದ. ದಿನಕ್ಕೆ ಹತ್ತು ಪತ್ರಕ್ಕೆ ಸಾಕ್ಷಿ ಹಾಕ್ತಿದ್ದ. ಅವನು ಏನು ನೋಡ್ತಿದ್ದ?

ಗುಮಾಸ್ತ: ಏನೂ ನೋಡ್ತಿರಲಿಲ್ಲ. ಅವನು ಹಾಕೋದನ್ನ ನಾನು ನೋಡ್ತಿದ್ದೆ. ನನ್ನ ಕೆಲಸ ಅಷ್ಟೇ.

ದರ್ಜಿ: ನೋಡದ ಸಾಕ್ಷಿ ಇಟ್ಕೊಂಡು ಮನೆ ಮಾರಬಹುದು, ಅಂಗಡಿ ಮಾರಬಹುದು. ಒಂದು ಬಾತುಕೋಳಿಗೆ ಆಗಲ್ವಾ?

ಗುಮಾಸ್ತ: ಹೆಬ್ಬಾತು.

ದರ್ಜಿ: ನೋಡಿ, ಅದು ಹೆಬ್ಬಾತು ಅಂತ ನಿಮ್ಮ ಬಾಯಲ್ಲೇ ಬಂತು.

ಗುಮಾಸ್ತ: ನಿನ್ನ ಹೇಳಿಕೆಯ ಪ್ರಕಾರ.

ದರ್ಜಿ: ಸಹಿ ಹಾಕಿ ಭಾವ. ಹಾಕದಿದ್ರೆ ನಾನು ಇನ್ನು ಈ ಜನ್ಮದಲ್ಲಿ ಮೇಲೇಳಲ್ಲ.

ಗೂಡಿನ ಹಿಂದಿನ ಬಟ್ಟೆ ಸರ್ರನೆ ಸರಿಯಿತು. ಒಂದು ಕೈಯಲ್ಲಿ ತಿಂಡಿಯ ಚೀಲ, ಇನ್ನೊಂದರಲ್ಲಿ ಫ್ಲಾಸ್ಕು ಹಿಡಿದ ಅಕ್ಕ. ದರ್ಜಿಗೆ ಒಡಹುಟ್ಟಿದವರು, ಗುಮಾಸ್ತರ ಕೈಹಿಡಿದವರು. ಒಳಗೆ ಜಾಗವಿಲ್ಲದ್ದರಿಂದ ತಲೆಯನ್ನಷ್ಟೇ ಒಳಗೆ ತೂರಿಸಿದರು.

ಅಕ್ಕ: ರೀ, ಯಾವುದಕ್ಕೂ ಸಹಿ ಹಾಕಬೇಡಿ. ಮೊದಲು ಪೆನ್ನು ಇಲ್ಲಿ ಕೊಡಿ.

ಗುಮಾಸ್ತ: ಕೇಳಿದ್ಯಾ? ನಿನ್ನ ಅಕ್ಕನೂ ನನ್ನ ಕಡೆ.

ಅಕ್ಕ: ಲೋ, ಅಪ್ಪ ಇಟ್ಟ ಅಂಗಡಿ ಕಣೋ ಅದು. ಮಾರೋಕೆ ನಿನಗೆ ಮನಸ್ಸಾದ್ರೂ ಹೇಗೆ ಬಂತು?

ದರ್ಜಿ: ಅಂಗಡಿ ಎಲ್ಲಿಂದ ಬಂತಕ್ಕ?

ಅಕ್ಕ: ಸಾಕ್ಷಿಯಂತೆ, ಪತ್ರವಂತೆ, ಮನೆ ಮಾರೋದಂತೆ, ಅಂಗಡಿ ಮಾರೋದಂತೆ. ಏರಿ ಮೇಲಿನವರೆಗೂ ಕೇಳಿಸ್ತಿದೆ. ಕೆರೇಲಿರೋ ಹಕ್ಕಿಗಳಿಗೆಲ್ಲ ಗೊತ್ತಾಯ್ತು, ನನಗೆ ಮಾತ್ರ ಗೊತ್ತಾಗಬಾರದು.

ದರ್ಜಿ: ಹಕ್ಕಿ ವಿಷಯ ಅಕ್ಕ, ಹಕ್ಕಿ.

ಅಕ್ಕ: ಹಕ್ಕಿ ಮಾರ್ತಿದ್ದೀಯಾ?

ಗುಮಾಸ್ತ: ಮಾರೋಕೆ ಹಕ್ಕಿ ಎಲ್ಲಿದೆ? ಅದೇ ಈಗಿನ ತಕರಾರು.

ಇಬ್ಬರೂ ಒಟ್ಟಿಗೆ ಹೇಳಿದರು. ದರ್ಜಿ ಹಲಗೆಯಿಂದ ಶುರು ಮಾಡಿದ, ಗುಮಾಸ್ತರು ಛತ್ರಿಯಿಂದ ಶುರು ಮಾಡಿದರು. ನಡುವೆ ಎಲ್ಲೋ ಹಕ್ಕಿ ಸಿಕ್ಕಿತು. ಅಕ್ಕ ಫ್ಲಾಸ್ಕು ಕೆಳಗಿಟ್ಟರು.

ಅಕ್ಕ: ಇಷ್ಟೇನಾ? ಹಾಕ್ರೀ ಸುಮ್ಮನೆ.

ಗುಮಾಸ್ತ: ಈಗ ತಾನೇ ಹಾಕಬೇಡಿ ಅಂದೆ.

ಅಕ್ಕ: ಆಗ ಅಂಗಡಿ ಅಂದ್ಕೊಂಡಿದ್ದೆ. ನೀವು ಹಾಕದಿದ್ರೆ ನಾನೇ ಹಾಕ್ತೀನಿ, ಪೆನ್ನು ನನ್ನ ಹತ್ತಿರಾನೇ ಇದೆ.

ಗುಮಾಸ್ತ: ನೀನು ನೋಡಿದ್ಯಾ?

ಅಕ್ಕ: ನನ್ನ ತಮ್ಮ ನೋಡಿದ್ರೆ ನಾನು ನೋಡಿದ ಹಾಗೇ.

ಗುಮಾಸ್ತ: ಹಾಗಾದ್ರೆ ಆ ತಿಂಡಿ ನೀನೇ ತಿನ್ನು, ಅವನ ಹೊಟ್ಟೆ ತುಂಬುತ್ತೆ.

ಅಕ್ಕ: ನಿಮ್ಮ ಪಾಲಿನದನ್ನೂ ತಿಂತೀನಿ, ಇರಿ.

ಗುಮಾಸ್ತ: ನಿನ್ನ ಸಹಿ ನಡೆಯಲ್ಲ ಕಣೇ. ಗೂಡಿನ ಜೋಡಿಯದೇ ಆಗಬೇಕು. ಜೋಡಿ ಅಂದ್ರೆ ನಾನು, ಇವನು.

ಅಕ್ಕ: ಮೂವತ್ತೊಂದು ವರ್ಷದಿಂದ ನಿಮ್ಮ ಜೋಡಿ ನಾನು ಅಂದ್ಕೊಂಡಿದ್ದೆ.

ದರ್ಜಿಗೆ ನಗು ಬಂತು. ಆದರೆ ಸಹಿ ಬೇಕಾದವನು ನಗಬಾರದೆಂದು ಕೆಮ್ಮಿದ.

ಅಕ್ಕ: ಅಲ್ಲ, ಒಂದು ಮಾತು ಕೇಳ್ತೀನಿ. ಇದೊಂದು ತಪ್ಪಿಹೋಯ್ತು, ಸರಿ. ಬೇರೆ ಹಕ್ಕಿಗಳನ್ನಾದ್ರೂ ನೋಡ್ತೀರೋ ಇಲ್ವೋ?

ಗುಮಾಸ್ತ: ಯಾವುದನ್ನ?

ಅಕ್ಕ: ಯಾವುದನ್ನಾದ್ರೂ.

ಗುಮಾಸ್ತ: ನೋಡೋದು ಅವನ ಕೆಲಸ.

ಅಕ್ಕ: ಇಷ್ಟು ವರ್ಷದಲ್ಲಿ ಒಂದೂ ನೋಡಿಲ್ವಾ?

ಗುಮಾಸ್ತ: ಛತ್ರಿ ನೋಡಿದ್ದೀನಿ.

ದರ್ಜಿಗೂ ಇದು ಹೊಸ ಸುದ್ದಿ. ತಾನು ಕೂಗಿದ ಮೇಲೆ ಯಾವಾಗಲಾದರೂ ಭಾವ ಕಂಡಿಯಲ್ಲಿ ಇಣುಕುತ್ತಿರಬಹುದು ಎಂದೇ ಅವನು ತಿಳಿದಿದ್ದ. ದುರ್ಬೀನಿಗೆ ಕಣ್ಣು ಕೊಟ್ಟವನಿಗೆ ಪಕ್ಕದವರು ಏನು ಮಾಡುತ್ತಾರೆಂದು ಗೊತ್ತಾಗುವುದಾದರೂ ಹೇಗೆ?

ಅಕ್ಕ: ಬೆಳಗ್ಗೆ ಐದಕ್ಕೆ ಅಲಾರಂ ಇಟ್ಟು, ಮನೆಮಂದಿಯ ನಿದ್ದೆಯೆಲ್ಲ ಕೆಡಿಸಿ, ಆ ದಪ್ಪ ಕೋಟು ಹಾಕ್ಕೊಂಡು ಇಲ್ಲಿ ಏನು ನೋಡೋಕೆ ಬರ್ತಿದ್ರಿ?

ಗುಮಾಸ್ತ: ಬರೆಯೋಕೆ. ಎರಡು ಲಕ್ಷದ ಹದಿನೇಳು ಸಾವಿರದ ನಾನೂರ ಆರು ಹಕ್ಕಿ ಬರೆದಿದ್ದೀನಿ. ಒಂದು ಚಿತ್ತಿಲ್ಲ, ಒಂದು ಕಾಟಿಲ್ಲ.

ಅಕ್ಕ: ಮದುವೆ ದಿನ ನನ್ನನ್ನಾದ್ರೂ ತಲೆ ಎತ್ತಿ ನೋಡಿದ್ರಾ?

ಗುಮಾಸ್ತ: ರಿಜಿಸ್ಟರಲ್ಲಿ ನಿನ್ನ ಸಹಿ ಬಹಳ ಚೆನ್ನಾಗಿತ್ತು.

ಅಕ್ಕ, ಇವರ ಹತ್ತಿರ ಮಾತಾಡಿ ಫಲವಿಲ್ಲವೆಂದು ತಲೆಯನ್ನು ಹೊರಗೆಳೆದುಕೊಂಡರು. ಗೂಡಿನ ಪಕ್ಕಕ್ಕೆ ಬಂದು, ಕಲ್ಲಿನ ಮೇಲೆ ಕೂತು, ಕೆರೆಯ ಕಡೆ ಮುಖ ಮಾಡಿಕೊಂಡು ಬಟ್ಟೆಯ ಮೂಲಕವೇ ತಮ್ಮನನ್ನು ಮಾತಾಡಿಸಿದರು.

ಅಕ್ಕ: ಹೋಗ್ಲಿ ಬಿಡೋ. ಹೇಗಿತ್ತು ಅದು? ನನಗಾದ್ರೂ ಹೇಳು.

ದರ್ಜಿ: ಏನು ಹೇಳ್ಲಿ ಅಕ್ಕ. ಮೈಗೆಲ್ಲ ಕರಿ ಕೋಟು. ಎದೆಗೆ ಇಟ್ಟಿಗೆ ಬಣ್ಣದ ತುಂಡು, ಒಳ್ಳೆ ಮಖಮಲ್ಲು. ಸುತ್ತ ಬಿಳಿ ಪೈಪಿಂಗು, ಒಂದು ನೂಲು ಆಚೀಚೆ ಇಲ್ಲ. ಕೆನ್ನೆ ಮೇಲೂ ಅದೇ ಇಟ್ಟಿಗೆ ಬಣ್ಣದ ತೇಪೆ. ನಲವತ್ತು ವರ್ಷದಿಂದ ಹೊಲೀತಿದ್ದೀನಿ, ಅಂಥ ಒಂದು ಫಿಟ್ಟಿಂಗು ನನ್ನ ಕೈಯಲ್ಲಿ ಆಗಿಲ್ಲ.

ಅಕ್ಕ: ಕುತ್ತಿಗೆ ಗಿಡ್ಡವಾ?

ದರ್ಜಿ: ಗಿಡ್ಡ.

ಅಕ್ಕ: ಕೊಕ್ಕು ಚಿಕ್ಕದಾ?

ದರ್ಜಿ: ಚಿಕ್ಕದು, ಗುಂಡಿಯಷ್ಟು.

ಅಕ್ಕ: ನಡೆಯುವಾಗ ಸ್ವಲ್ಪ ಓಲಾಡುತ್ತಾ?

ದರ್ಜಿ: ಓಲಾಡುತ್ತೆ. ನಿನಗೆ ಹೇಗೆ ಗೊತ್ತು?

ಅಕ್ಕ: ನಡೀತಿದೆಯಲ್ಲ.

ದರ್ಜಿ ಎದ್ದ ರಭಸಕ್ಕೆ ಗೂಡಿನ ಮಾಡು ಅವನ ತಲೆಯ ಮೇಲೆಯೇ ಬಂತು. ಕಂಡಿಯಲ್ಲಿ ಇಣುಕಿದ. ಎಡಗಡೆಯ ಹುಲ್ಲಿನ ನಾಲಿಗೆಯಂಥ ದಡದಲ್ಲಿ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಅದು ಮೇಯುತ್ತಿತ್ತು. ಅವನ ಎದೆ ಹೊಲಿಗೆ ಯಂತ್ರದ ಹಾಗೆ ಬಡಿದುಕೊಳ್ಳುತ್ತಿತ್ತು. ದುರ್ಬೀನು ಆ ಕಡೆ ತಿರುಗಿಸಿ, ಭಾವನ ತೋಳು ಹಿಡಿದು ತನ್ನ ಸ್ಟೂಲಿಗೆ ಎಳೆದು ಕೂರಿಸಿದ.

ದರ್ಜಿ: ಕಾಗದ ಕೆಳಗಿಡಿ. ಇಲ್ಲಿ ಕಣ್ಣಿಡಿ. ಇನ್ನೊಂದನ್ನ ಮುಚ್ಚಿ.

ಗುಮಾಸ್ತ: ಯಾವ ಇನ್ನೊಂದು?

ದರ್ಜಿ: ನೋಡದೇ ಇರೋದು.

ಗುಮಾಸ್ತ: ನೋಡೋಕೆ ಮುಂಚೆ ನೋಡದೇ ಇರೋದು ಯಾವುದು ಅಂತ ಹೇಗೆ ಹೇಳೋದು?

ದರ್ಜಿ: ಎಡಗಣ್ಣು ಭಾವ, ಎಡಗಣ್ಣು.

ಗುಮಾಸ್ತ: ಮುಚ್ಚಿದೆ. ಏನೂ ಕಾಣಲ್ಲ, ಕತ್ತಲು.

ದರ್ಜಿ: ಎರಡೂ ಮುಚ್ಚಿದ್ದೀರಿ.

ಗುಮಾಸ್ತ: ಒಂದು ಮುಚ್ಚಿದ್ರೆ ಇನ್ನೊಂದೂ ಜೊತೆಗೇ ಹೋಗುತ್ತೆ. ನನಗೆ ಅಭ್ಯಾಸ ಇಲ್ಲ.

ಅಕ್ಕ ಎದ್ದು ಬಂದು ಹಿಂದಿನಿಂದ ತಲೆಯನ್ನೂ ಕೈಯನ್ನೂ ತೂರಿಸಿ ಗಂಡನ ಎಡಗಣ್ಣನ್ನು ಅಂಗೈಯಲ್ಲಿ ಮುಚ್ಚಿದರು.

ಗುಮಾಸ್ತ: ಹಾಂ, ಈಗ ಬೆಳಕು. ಮುಂದೆ ಕರ್ರಗೆ ಬೇಲಿ ಇದೆ.

ದರ್ಜಿ: ನಿಮ್ಮ ರೆಪ್ಪೆ ಕೂದಲು. ಇನ್ನೂ ಸ್ವಲ್ಪ ಹತ್ತಿರ ಹೋಗಿ.

ಗುಮಾಸ್ತ: ನೀರು. ಹುಲ್ಲು. ಒಂದು ಕರಿ ಕಲ್ಲು.

ದರ್ಜಿ: ಪಟ್ಟಿ ಮಾಡಬೇಡಿ, ನೋಡಿ.

ಗುಮಾಸ್ತ: ಕಲ್ಲು ನಡೀತಿದೆ.

ದರ್ಜಿ: ಅದೇ ಭಾವ.

ಹಕ್ಕಿ ತಲೆ ಎತ್ತಿ ಕುತ್ತಿಗೆ ನೀಡಿತು. ಬೆಳಗಿನ ಬಿಸಿಲು ನೇರ ಅದರ ಎದೆಯ ಮೇಲೆ ಬಿತ್ತು. ಗುಮಾಸ್ತರ ಬಾಯಿ ತೆರೆದುಕೊಂಡಿತು. ಬಹಳ ಹೊತ್ತು ಮುಚ್ಚಲಿಲ್ಲ. ಮೂವತ್ತಾರು ವರ್ಷ ಎಷ್ಟೋ ಜನರ ಮನೆ, ಹೊಲ, ಮದುವೆಗಳನ್ನು ಕಾಗದದ ಮೇಲೆ ಮಾತ್ರ ಕಂಡ ಮನುಷ್ಯ ಅವರು. ಇಷ್ಟು ವರ್ಷ ತಾವು ಬರೆಯುತ್ತಿದ್ದದ್ದು ಇದನ್ನೇ ಎಂದು ಗೊತ್ತಾಗಿ ಅವರಿಗೆ ಸಂತೋಷವೂ ಆಯಿತು, ಸಂಕಟವೂ ಆಯಿತು.

ಗುಮಾಸ್ತ: ಇದು... ಇಷ್ಟು ಚೆನ್ನಾಗಿರುತ್ತಾ?

ದರ್ಜಿ: ಇರುತ್ತೆ ಭಾವ.

ಗುಮಾಸ್ತ: ಬೇರೆಯವೂ?

ದರ್ಜಿ: ಹೆಚ್ಚುಕಮ್ಮಿ ಎಲ್ಲವೂ.

ಗುಮಾಸ್ತ: ಒಂದು ದಿನವಾದ್ರೂ ನನಗೆ ಹೇಳಲಿಲ್ವಲ್ಲೋ.

ದರ್ಜಿ: ದಿನಾ ಹೇಳಿದ್ದೀನಿ. ಬರ್ಕೊಂಡಿದ್ದೀರಿ.

ಏರಿಯ ಮೇಲೆ ಸೈಕಲ್ ಬೆಲ್ಲು ಕೇಳಿಸಿತು. ಕಾರ್ಯದರ್ಶಿ ಯಾವತ್ತೂ ಒಂಬತ್ತಕ್ಕೆ ಐದು ನಿಮಿಷ ಮುಂಚೆಯೇ. ದರ್ಜಿ ಫಾರಮ್ಮನ್ನು ಭಾವನ ಮೊಣಕಾಲಿನ ಮೇಲೆ ಹರಡಿದ. ಅಕ್ಕ ಪೆನ್ನನ್ನು ಗಂಡನ ಬೆರಳ ನಡುವೆ ಸಿಕ್ಕಿಸಿದರು. ಗುಮಾಸ್ತರು ಇನ್ನೂ ದುರ್ಬೀನಿನಲ್ಲೇ ಇದ್ದರು.

ದರ್ಜಿ: ಸಾಕು ಭಾವ, ಈಗ ಹಾಕಿ.

ಗುಮಾಸ್ತ: ಹಾಕ್ತೀನಿ, ಖುಷಿಯಿಂದ ಹಾಕ್ತೀನಿ. ಕೆಂಪೆದೆ ಹೆಬ್ಬಾತು, ಒಂದು. ನಾನೇ ಕಣ್ಣಾರೆ ಕಂಡೆ.

ಅಕ್ಕ: ಜೊಂಡಿನೊಳಗಿಂದ ಅದರ ಹಿಂದೇನೇ ಇನ್ನೊಂದು ಬರ್ತಿ...

ಗುಮಾಸ್ತರು ಬಲಗಣ್ಣನ್ನು ಪಟಕ್ಕನೆ ಮುಚ್ಚಿದರು. ಎಡಗಣ್ಣು ಹೆಂಡತಿಯ ಅಂಗೈ ಕೆಳಗೆ ಮೊದಲೇ ಮುಚ್ಚಿತ್ತು.

ಗುಮಾಸ್ತ: ಹೇಳಬೇಡ. ಒಂದಕ್ಷರ ಹೇಳಬೇಡ.

ಅಕ್ಕ: ಯಾಕ್ರೀ? ಎರಡಾದ್ರೆ ಇನ್ನೂ ಒಳ್ಳೇದಲ್ವಾ?

ದರ್ಜಿ: ಅಯ್ಯೋ ಅಕ್ಕ, ಫಾರಮ್ಮಲ್ಲಿ ಒಂದು ಅಂತ ಬರೆದಾಗಿದೆ.

ಅಕ್ಕ: ತಿದ್ದಿ, ಎರಡು ಮಾಡಿ.

ದರ್ಜಿ: ತಿದ್ದಿದ್ರೆ ಫಾರಂ ರದ್ದು. ಹೊಸದು ತರೋಕೆ ಸಂಘಕ್ಕೆ ಹೋಗಬೇಕು. ಕಾರ್ಯದರ್ಶಿ ಆಗಲೇ ಇಳಿಜಾರು ಇಳೀತಿದ್ದಾರೆ.

ಅಕ್ಕ: ಹಾಗಾದ್ರೆ ಒಂದೇ ಅಂತ ಸಹಿ ಹಾಕ್ರೀ, ಯಾರು ಬಂದು ಎಣಿಸ್ತಾರೆ?

ಗುಮಾಸ್ತ: ಎರಡು ನೋಡಿ ಒಂದಕ್ಕೆ ಹೇಗೆ ಹಾಕ್ಲಿ? ಅದಕ್ಕೇ ಕಣೇ ಮುಚ್ಚಿರೋದು. ಇಲ್ಲಿವರೆಗೆ ನಾನು ನೋಡಿರೋದು ಒಂದೇ. ಫಾರಮ್ಮಲ್ಲಿ ಇರೋದೂ ಒಂದೇ. ನನ್ನ ಕೈ ಹಿಡಿದು ಜಾಗಕ್ಕೆ ಇಡೋ, ಬೇಗ.

ಮೂವತ್ತಾರು ವರ್ಷ ಪ್ರತಿ ಸಾಲನ್ನೂ ಎರಡೆರಡು ಸಲ ಓದದೆ ಪೆನ್ನು ಊರದ ಗುಮಾಸ್ತರು, ಮುಖವನ್ನೆಲ್ಲ ಮುದುಡಿಕೊಂಡು, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ ಕೈ ನೀಡಿದರು. ಹತ್ತಿರದ್ದು ಕಾಣದ ದರ್ಜಿ ಆ ಕೈ ಹಿಡಿದು ಅಂದಾಜಿನ ಮೇಲೆ ಜಾಗ ಹುಡುಕಿದ. ಅಕ್ಕ ಕೆಳಗೆ, ಇನ್ನೂ ಕೆಳಗೆ, ಬಲಕ್ಕೆ ಎಂದು ದಾರಿ ತೋರಿಸಿದರು. ನಾಲ್ಕಕ್ಷರ ಬಿತ್ತು. ದರ್ಜಿಯ ಕಣ್ಣಲ್ಲಿ ನೀರಾಡಿತು. ಆ ಸಹಿ ಅವನಿಗೆ ಈಗ ಇನ್ನೂ ಮಸುಕಾಗಿ ಕಂಡಿತು.

ಅಷ್ಟರಲ್ಲಿ ಕಾರ್ಯದರ್ಶಿ ಸೈಕಲ್ಲನ್ನು ಏರಿಗೆ ಒರಗಿಸಿ ಗೂಡಿನ ಹಿಂದೆ ಬಂದು ನಿಂತರು.

ಕಾರ್ಯದರ್ಶಿ: ಕೆಂಪೆದೆ ಹೆಬ್ಬಾತೇ? ಇಬ್ಬರೂ ನೋಡಿದ್ರಾ?

ಗುಮಾಸ್ತ: ನೋಡಿದ್ವಿ. ಮೊದಲು ಕಂಡವನು ಇವನು. ಹೆಸರು ತಪ್ಪಿಲ್ಲದ ಹಾಗೆ ಬರೆಸಿ.

ಕಾರ್ಯದರ್ಶಿ: ಖಂಡಿತ. ಅಲ್ಲ, ನೀವು ಯಾಕೆ ಕಣ್ಣು ಮುಚ್ಕೊಂಡಿದ್ದೀರಿ?

ಅಕ್ಕ: ಇವತ್ತೇ ಮೊದಲ ಸಲ ಹಕ್ಕಿ ನೋಡಿದ್ದು ಸಾರ್. ಜಾಸ್ತಿಯಾದ್ರೆ ತಡ್ಕೊಳ್ಳಲ್ಲ.

ಕಾರ್ಯದರ್ಶಿಗೆ ಏನೂ ಅರ್ಥವಾಗಲಿಲ್ಲ. ಆದರೆ ಸಹಿ ಎರಡಿತ್ತು, ಚಿತ್ತು ಕಾಟು ಇರಲಿಲ್ಲ. ಫಾರಂ ಮಡಚಿ ಜೇಬಿಗಿಟ್ಟು ಹೊರಟರು. ಸೈಕಲ್ ಬೆಲ್ಲು ಏರಿಯ ಆ ಕೊನೆಯಲ್ಲಿ ಇನ್ನೊಮ್ಮೆ ಕೇಳಿಸುವವರೆಗೂ ಗೂಡಿನಲ್ಲಿ ಯಾರೂ ಅಲುಗಾಡಲಿಲ್ಲ.

ಗುಮಾಸ್ತ: ಹೋದ್ರಾ?

ಅಕ್ಕ: ಹೋದ್ರು.

ಗುಮಾಸ್ತ: ಫಾರಂ?

ಅಕ್ಕ: ಅವರ ಜೇಬಲ್ಲಿದೆ.

ಗುಮಾಸ್ತರು ಹೆಂಡತಿಯ ಕೈಯನ್ನು ಮತ್ತೆ ತಮ್ಮ ಎಡಗಣ್ಣಿನ ಮೇಲೆ ತಾವೇ ಇಟ್ಟುಕೊಂಡು ದುರ್ಬೀನಿಗೆ ಬಗ್ಗಿದರು. ನೋಡಿದರು. ನೋಡುತ್ತಲೇ ಇದ್ದರು. ದರ್ಜಿ ಎರಡು ಸಲ ಭುಜ ತಟ್ಟಿದರೂ ಅವರು ಸ್ಟೂಲು ಬಿಟ್ಟುಕೊಡಲಿಲ್ಲ.

ದರ್ಜಿ: ಎರಡೂ ಇದೆಯಾ ಭಾವ?

ಗುಮಾಸ್ತ: ಮೂರಿದೆ. ಗಲಾಟೆ ಮಾಡಬೇಡ, ಮೂರನೇದನ್ನ ಮೊದಲು ಕಂಡವನು ನಾನು.